ಟಾರ್ಚು ಹಿಡಿದು ನೋಡಿದಾಗ

ಗುತ್ಯಮ್ಮ ಆಟೋದಿಂದ ಇಳಿದಳು, ಎದೆಗವಚಿಕೊಂಡು
ಹಳೇ ಜಮಖಾನದಲ್ಲಿ ಸುತ್ತಿದ ಮೂವತ್ತೆರಡಿಂಚಿನ ಟೀವಿ.
ಸಾಗರದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿಗೆ ಮೂರು ಮೆಟ್ಟಿಲು;
ಮೂರರಲ್ಲೂ ನಿಂತು ಉಸಿರು ತಗೊಂಡಳು.
"ಮಾತು ಬರ್ತದೆ, ಮುಖ ಇಲ್ಲ" ಅಂದಳು.
"ಅಳಿಯ ಹೇಳ್ತಾನೆ, ಇದು ಸತ್ತೋತು, ಶೋರೂಮಿಗೆ ಕೊಟ್ರೆ
ಹೊಸದರಲ್ಲಿ ಒಂದೂವರೆ ಸಾವಿರ ಕಳೀತಾರಂತೆ.
ಸತ್ತಿದ್ದು ಮಾತಾಡ್ತದಾ ಮಾರಾಯ, ನೀನೇ ಹೇಳು."

ಪ್ಲಗ್ಗು ಹಾಕಿ, ಅಂಗಡಿಯ ದೀಪ ಆರಿಸಿದೆ.
ಟಾರ್ಚನ್ನು ಗಾಜಿನ ಮೇಲೆ ಓರೆಯಾಗಿ ಹಿಡಿದೆ.
ಆ ದುಂಡು ಬೆಳಕಿನೊಳಗೆ, ಮಸುಕು ಮಸುಕಾಗಿ,
ವಾರ್ತೆ ಓದುವ ಹೆಂಗಸಿನ ಕಿವಿ, ಓಲೆ,
ಆಮೇಲೆ ತುಟಿ.
ಎಲ್ಲ ಇತ್ತು. ಹಿಂದಿನಿಂದ ಬೀಳುವ ಬೆಳಕೊಂದು ಇರಲಿಲ್ಲ.

ಗುತ್ಯಮ್ಮ ಬಗ್ಗಿ ನೋಡಿದಳು, ಬಹಳ ಹೊತ್ತು.
"ಬೇಸಗೇಲಿ ಹಿನ್ನೀರು ಇಳಿದಾಗ
ನಮ್ಮೂರ ಬಾವಿಕಟ್ಟೆ ಹಿಂಗೇ ಕಾಣ್ತದೆ,
ತೆಪ್ಪದಿಂದ ಬಗ್ಗಿದ್ರೆ."
ನಾನೇನೂ ಅನ್ನಲಿಲ್ಲ. ಸ್ಕ್ರೂ ಬಿಚ್ಚತೊಡಗಿದೆ.

ಹದಿನೆಂಟು ಸ್ಕ್ರೂ, ಸೈಜು ಬೇರೆ ಬೇರೆ, ತಟ್ಟೆಗೆ.
ಪ್ಯಾನೆಲ್ ಎತ್ತುವಾಗ ಮಾತಾಡಬಾರದು:
ಒಣಗದ ಹಲಸಿನ ಹಪ್ಪಳ ಎತ್ತಿದ ಹಾಗೆ,
ಎರಡೂ ಕೈಯಲ್ಲಿ, ಉಸಿರು ಹಿಡಿದು.
ಕೆಳಗೆ ಪಟ್ಟಿ, ಪಟ್ಟಿಯ ತುಂಬ ಪುಟ್ಟ ದೀಪ.
ನಾಲ್ಕನೆಯದು ಕಪ್ಪಾಗಿತ್ತು, ಎಳ್ಳುಕಾಳಿನಷ್ಟು.
ಕೈ ಕೈ ಹಿಡಿದು ನಿಂತ ಸಾಲು ಇದು;
ಒಂದು ಕೈ ಬಿಟ್ಟರೆ ಎಲ್ಲಕ್ಕೂ ಕತ್ತಲೆ.
ಈ ಎಳ್ಳಿಗಾಗಿ ಇಡೀ ಪೆಟ್ಟಿಗೆ ಎಸೆಯುತ್ತಾರೆ, ಗುತ್ಯಮ್ಮ.
ಎಲ್ಲಿಯದೋ ಮರಳು ಕರಗಿಸಿ ಗಾಜು ಮಾಡಿ,
ಯಾವುದೋ ಗುಡ್ಡ ಬಗೆದು ತಾಮ್ರ ತೆಗೆದು,
ಕಡಲು ದಾಟಿಸಿ ತಂದದ್ದು.
ನಿಮ್ಮನೆಯಲ್ಲಿ ಐದು ವರ್ಷ ಉರಿದದ್ದಕ್ಕಿಂತ
ಹುಟ್ಟುವಾಗಲೇ ಹೆಚ್ಚು ಉರಿಸಿರಬಹುದು.

ಇಷ್ಟು ಹೇಳಿ ಸುಮ್ಮನಾದೆ. ಹೇಳುವ ಬಾಯಿ ನನ್ನದಲ್ಲ.

ಚಪ್ಪಟೆ ಟೀವಿ ಬಂದ ಹೊಸತರಲ್ಲಿ
ಡುಬ್ಬದ ಟೀವಿಗಳನ್ನು ಜನ ನನ್ನ ಬಾಗಿಲಲ್ಲಿ ಬಿಟ್ಟು ಹೋದರು,
ಬೆಕ್ಕಿನ ಮರಿ ಬಿಟ್ಟು ಹೋಗುವ ಹಾಗೆ.
ಹದಿನಾಲ್ಕು ಟ್ಯೂಬು. ಕುತ್ತಿಗೆಯ ತಾಮ್ರ ಬಿಚ್ಚಿ ಮಾರಿದೆ.
ಸೀಸ ಬೆರೆತ ಗಾಜನ್ನು ಒಂದು ರಾತ್ರಿ
ಜಂಬಿಟ್ಟಿಗೆ ಕಲ್ಲು ತೆಗೆದ ಗುಂಡಿಗೆ ಉರುಳಿಸಿದೆ.
ಒಡೆಯುವಾಗ ಒಳಗೆ ಗಾಳಿ ನುಗ್ಗಿದ ಸದ್ದು
ಯಾರೋ ಬೆಚ್ಚಿ ಉಸಿರೆಳೆದ ಹಾಗಿತ್ತು.
ಆ ಗುಂಡಿಯ ಕೆಳಮಗ್ಗುಲಲ್ಲಿ ಬಾವಿಯಿದೆಯಾ ಅಂತ
ಎಷ್ಟೋ ವರ್ಷದ ಮೇಲೆ ಹೋಗಿ ನೋಡಿದೆ.
ಇದೆ. ಒಂದಲ್ಲ.

ಈಗ ಹಿಂದಿನ ಕೋಣೆಯಲ್ಲಿ ಹನ್ನೊಂದು ಕೂತಿವೆ.
ಶಿವಮೊಗ್ಗಕ್ಕೆ ಫೋನು ಮಾಡಿದರೆ,
"ಅರ್ಧ ಲೋಡಾದ್ರೂ ಆಗ್ಲಿ ಸಾರ್, ಲಾರಿ ಕಳಿಸ್ತೀವಿ."
ಗುಜರಿ ಚಮನ್‌ಸಾಬ್ ಮೊದಲೆಲ್ಲ ವೈರು ಸುಟ್ಟು ತಾಮ್ರ ತೆಗೀತಿದ್ದ,
ಹಳ್ಳದ ಪಕ್ಕ, ಕರಿ ಹೊಗೆಯಲ್ಲಿ ಕೆಮ್ಮುತ್ತಾ.
ಈಗ ನನ್ನ ಜಗಲಿಯಲ್ಲಿ ಕೂತು ಬ್ಲೇಡಿನಲ್ಲಿ ಸುಲಿಯುತ್ತಾನೆ,
ಬೀನ್ಸಿನ ನಾರು ತೆಗೆದ ಹಾಗೆ.
ಸುಡದ ತಾಮ್ರಕ್ಕೆ ಕೆಜಿಗೆ ಇಪ್ಪತ್ತು ಹೆಚ್ಚಂತೆ.
ಅದಕ್ಕೇ ಮಾಡುತ್ತಾನೆ; ನನ್ನ ಉಪದೇಶ ಅವನ ಕಿವಿಗೆ ಬಿದ್ದೇ ಇಲ್ಲ.

ಹೊಸ ಪಟ್ಟಿ ಮುನ್ನೂರ ನಲವತ್ತು, ಕೈಕೂಲಿ ಇನ್ನೂರು.
ಹೊತ್ತಿಕೊಂಡಿತು. ವಾರ್ತೆಯ ಹೆಂಗಸು ಎದ್ದು ಹೋಗಿ
ಒಗ್ಗರಣೆ ಹಾಕುವ ಗಂಡಸೊಬ್ಬ ಬಂದಿದ್ದ.
ಬೆಳಕನ್ನು ನೂರರಿಂದ ಅರವತ್ತಕ್ಕಿಳಿಸಿದೆ:
"ಅಂಗಡೀಲಿ ಕಣ್ಣು ಕುಕ್ಕಲಿ ಅಂತ ಏರಿಸಿರ್ತಾರೆ. ಮನೆಗೆ ಇಷ್ಟು ಸಾಕು.
ಕರೆಂಟೂ ಉಳೀತದೆ, ದೀಪಾನೂ ಬಾಳ್ತದೆ.
ಮಲಗುವಾಗ ರಿಮೋಟು ಒತ್ತಿ ಬಿಡಬೇಡಿ, ಗೋಡೆ ಸ್ವಿಚ್ಚು..."

"ಅದು ನನಗೆ ಹೇಳಬೇಡ" ಅಂದಳು.
"ರಾತ್ರಿಯಿಡೀ ಆ ಕೆಂಪು ಚುಕ್ಕಿ ಎಂತಕ್ಕೆ?
ನಮ್ಮ ಗದ್ದೆ ಮೇಲೆ ನಿಂತ ನೀರೇ ಅಲ್ವಾ ಅದು ಉರಿಯೋದು.
ಅಳಿಯ ಬೈತಾನೆ. ನಾನು ಎದ್ದು ಹೋಗಿ ಆರಿಸ್ತೀನಿ."

ಐನೂರು ಕೊಟ್ಟಳು. ನಲವತ್ತು ಆಮೇಲೆ.
ಜಮಖಾನ ಸುತ್ತುತ್ತಿದ್ದವಳು ನಿಲ್ಲಿಸಿ,
"ಇನ್ನೊಂದ್ಸಲ ಟಾರ್ಚು ಹಾಕಿ ಹಂಗೇ ತೋರ್ಸು" ಅಂದಳು.
"ಈಗ ಬೆಳಕಿದೆಯಲ್ಲಮ್ಮ," ಅಂದೆ, "ಹಂಗೆ ಕಾಣಲ್ಲ."
ಹೊರಗೆ ಆಟೋದವ ಹಾರ್ನು ಹೊಡೀತಿದ್ದ.