ಏಳು

ಪುಂತಾ ಅರೆನಾಸ್‌ನಲ್ಲಿ ಗಾಳಿ ಎದ್ದ ದಿನ
ಬೀದಿಯುದ್ದಕ್ಕೂ ಹಗ್ಗ ಕಟ್ಟುತ್ತಾರೆ,
ಜನ ಹಿಡಿದು ನಡೆಯಲೆಂದು.
ನಾನೂ ಹಿಡಿದೇ ಬಂದೆ, ರಾತ್ರಿ ಹತ್ತೂವರೆಗೆ,
ಬೂಟಿನೊಳಗೆ ಮರಳು, ತುಟಿಯ ಮೇಲೆ ಜಲಸಂಧಿಯ ಉಪ್ಪು,
ಚೀಲದಲ್ಲಿ ಕಷಾಯದ ಥರ್ಮಾಸು, ಒಂದು ಯುಎಸ್‌ಬಿ ಕಡ್ಡಿ.

ಆಸ್ಪತ್ರೆಯ ನೆಲಮಾಳಿಗೆ, ಶವಾಗಾರದ ಪಕ್ಕದ ಬಾಗಿಲು.
ಮೂರು ಸರ್ವರುಗಳು, ಮೂವರೂ ಮುದುಕರು.
ಅವರ ಒಡಲಲ್ಲಿ ನಲವತ್ತೊಂದು ಯಂತ್ರಗಳ ಸಂಸಾರ,
ಮೈಯಿಲ್ಲದವು,
ಮೈಯುಂಟೆಂದೇ ನಂಬಿ ದುಡಿಯುವವು.
ನಮ್ಮ ಕಸುಬಿನಲ್ಲಿ ಇವು ಅತಿಥಿಗಳು,
ಹೊತ್ತ ಕಬ್ಬಿಣ ಅತಿಥೇಯ.
ಒಂಬತ್ತು ವರ್ಷ ಬೀಡುಬಿಟ್ಟವರನ್ನು
ಅತಿಥಿ ಎನ್ನಲು ನನಗೆ ಬಾಯಿ ಬರುವುದಿಲ್ಲ.
ಒಕ್ಕಲು ಅನ್ನಬೇಕು.

ಹಳೆಯ ಆವೃತ್ತಿಗೆ ಇನ್ನು ತೇಪೆ ಹಾಕುವವರಿಲ್ಲ;
ಸಾಂತಿಯಾಗೊದಿಂದ ಪತ್ರ ಬಂದಿದೆ, ಮೂರನೆಯದು.
ಹಾಗಾಗಿ ಈ ರಾತ್ರಿ
ಒಬ್ಬನನ್ನು ಬರಿದು ಮಾಡು, ಉಳಿದಿಬ್ಬರು ಹೊರಲಿ,
ಹೊಸದನ್ನು ಹಾಕು, ಮತ್ತೆ ತುಂಬು.
ಯಾರಿಗೂ ಎಚ್ಚರವಾಗದಂತೆ.

ಮಲಗಿದ ಕೂಸನ್ನು ತೊಡೆಯಿಂದ ತೊಡೆಗೆ ದಾಟಿಸುತ್ತಾರಲ್ಲ
ಕತ್ತಿನ ಕೆಳಗೆ ಅಂಗೈ ಕೊಟ್ಟು, ಹಾಗೆ.
ರಕ್ತಪರೀಕ್ಷೆ ದಾಟಿತು.
ಎಕ್ಸ್‌ರೇ ದಾಟಿತು, ಭಾರದ್ದು, ನಾಲ್ಕು ನಿಮಿಷ.
ಮೇಲೆ ಮೂರನೆಯ ಮಹಡಿಯಲ್ಲಿ ನರ್ಸೊಬ್ಬಳು
ಯಾರದೋ ಜ್ವರ ಬರೆಯುತ್ತಿದ್ದಳು:
ಮೂರು ಒತ್ತಿದಾಗ ಈ ಕಬ್ಬಿಣ,
ಒಂಬತ್ತು ಒತ್ತುವಷ್ಟರಲ್ಲಿ ಆ ಕಬ್ಬಿಣ.
ಅವಳಿಗೆ ತಿಳಿಯಲಿಲ್ಲ. ಜ್ವರಕ್ಕೂ.

ಎರಡನೆಯ ಮುದುಕ ಶೇಕಡಾ ಎರಡರಲ್ಲಿ ಕೂತುಬಿಟ್ಟ.
ಎಲ್ಲ ಹೊರಟರೂ ಒಂದು ಹೊರಡಲೊಲ್ಲದು.
ಏಳು, ಅಂದೆ.
ಏಳು ಏಳು, ಅಂದ ಉಲಿಸೆಸ್, ಕಿವಿ ಕೆಂಪಾಗಿ.
ಅದರ ಟಿಪ್ಪಣಿಯಲ್ಲಿ ಒಂದೇ ಸಾಲು:
ಇದನ್ನು ಆರಿಸಬೇಡಿ. ಎವಾರಿಸ್ಟೊನನ್ನು ಕೇಳಿ.
ಎವಾರಿಸ್ಟೊನನ್ನು ಕೇಳುವುದೆಂದರೆ
ಊರ ಸ್ಮಶಾನಕ್ಕೆ ನಡೆಯಬೇಕು,
ಒಪ್ಪವಾಗಿ ಕತ್ತರಿಸಿದ ಸೈಪ್ರಸ್ ಸಾಲಿನ ಕೊನೆಯವರೆಗೆ.
ಎರಡು ಚಳಿಗಾಲ ಕಳೆಯಿತು.

ಒಂದೂವರೆ ತಾಸಿಗೆ ಸಿಕ್ಕಿತು ಗಂಟು:
ಡ್ರೈವಿನಲ್ಲಿ ಒಂದು ಸಿ.ಡಿ.
ಸಿ.ಡಿ.ಯೂ ಅಲ್ಲ, ಅದರ ನೆರಳು,
ಯಾವುದೋ ಪ್ರಿಂಟರಿನದು,
ಎಂಟು ವರ್ಷದ ಹಿಂದೆ ಹಾಕಿ ತೆಗೆಯಲು ಮರೆತದ್ದು.
ಹೊರಟವರ ಬಟ್ಟೆ ಬಾಗಿಲ ಮೊಳೆಗೆ ಸಿಕ್ಕಂತೆ
ಅಷ್ಟಕ್ಕೇ ನಿಂತಿತ್ತು ಇಡೀ ಪಯಣ.

ತೆಗೆ ಎನ್ನುವ ಗುಂಡಿಯ ಮೇಲೆ ಬೆರಳು ತಡೆಯಿತು.
ಸತ್ತವನ ಕೈ ಇಟ್ಟದ್ದು.
ಉಲಿಸೆಸ್ ನನ್ನ ಮುಖ ನೋಡಲಿಲ್ಲ,
ಥರ್ಮಾಸಿನ ಮುಚ್ಚಳ ತಿರುಗಿಸಿದ.
ಒತ್ತಿದೆ.
ಎದ್ದಿತು.
ಹನ್ನೊಂದು ಸೆಕೆಂಡಿಗೆ ಪಕ್ಕದ ಮನೆ ಸೇರಿತು.

ನಾಲ್ಕೂಮುಕ್ಕಾಲು. ಮೂವರೂ ಹೊಸಬರು.
ಹಸಿರು, ಹಸಿರು, ಹಸಿರು.
ಕಷಾಯ ಆರಿತ್ತು, ಆದರೂ ಕುಡಿದೆವು.

ಐದು ದಾಟುವಾಗ ಫೋನು. ಅಡುಗೆಮನೆಯ ದೋಮಿತಿಲಾ.
ಯಾರಿಗೂ ಗುರುತಿಲ್ಲದ ಆ ಯಂತ್ರ
ದಿನಾ ಬೆಳಗಿನ ಪಥ್ಯದ ಚೀಟಿ ಅಚ್ಚುಹಾಕುವುದಂತೆ:
ಉಪ್ಪು ಯಾರಿಗೆ ಬೇಡ, ಸಕ್ಕರೆ ಯಾರಿಗೆ ಬೇಡ,
ಹನ್ನೆರಡನೆಯ ಮಂಚದ ಹಲ್ಲಿಲ್ಲದ ನಾವಿಕನಿಗೆ ಓಟ್ಸ್ ಗಂಜಿ.
ಬಂದಿಲ್ಲವೇ? ಎಂದೆ, ಎದೆ ಧಸಕ್ಕೆಂದು.
ಬಂದಿದೆ, ಎಡೆಲ್ಮಿರಾ. ತಡವಾಗಿ.

ಚೀಟಿ ಬಂದದ್ದು ಐದಕ್ಕೆ. ಸರಿಯಾಗಿ ಐದಕ್ಕೆ.
ಹಳೆಯ ಮುದುಕನ ಗಡಿಯಾರ ಏಳು ನಿಮಿಷ ಮುಂದಿತ್ತು,
ಇಷ್ಟು ವರ್ಷ ಅವನ ಐದು
ಊರಿನ ನಾಲ್ಕು ಐವತ್ತಮೂರು.
ಆ ಏಳು ನಿಮಿಷದಲ್ಲಿ ದೋಮಿತಿಲಾ
ಹಾಲು ಸಣ್ಣ ಉರಿಗಿಟ್ಟು, ಹಿತ್ತಿಲ ಬಾಗಿಲಲ್ಲಿ ನಿಂತು
ಒಂದು ಸಿಗರೇಟು ಮುಗಿಸುತ್ತಿದ್ದಳು.

ಸರಿಮಾಡು, ಎಂದಳು.
ಸರಿಯಾಗಿದೆ, ಅದೇ ತೊಂದರೆ, ಅನ್ನಲು ಹೋಗಿ ನುಂಗಿಕೊಂಡೆ.
ಚೀಟಿಯ ಹೊತ್ತನ್ನು ಏಳು ನಿಮಿಷ ಹಿಂದಕ್ಕೆ ತಂದೆ.
ಟಿಪ್ಪಣಿಯಲ್ಲಿ ಎವಾರಿಸ್ಟೊನ ಹೆಸರು ಅಳಿಸಲಿಲ್ಲ.
ಕೆಳಗೆ ಬರೆದೆ: ಅವನು ಸಿಗದಿದ್ದರೆ ದೋಮಿತಿಲಾ.

ಹೊರಗೆ ಗಾಳಿ ಬಿದ್ದಿತ್ತು.
ಹಗ್ಗ ಇನ್ನೂ ಬಿಚ್ಚಿರಲಿಲ್ಲ.
ಹಿಡಿದುಕೊಂಡೇ ನಡೆದೆ.