ನಬಾದಿಯ ಲೆಕ್ಕದ ಪುಸ್ತಕ

ಟಿಬಿಲಿಸಿಯ ನಮ್ಮ ವಠಾರದಲ್ಲಿ
ಮರದ ಬಾಲ್ಕನಿಗಳೆಲ್ಲ ಅಂಗಳಕ್ಕೇ ಮುಖ ಮಾಡಿವೆ.
ಒಬ್ಬರ ಮನೆಯ ಹಾಲು ಉಕ್ಕಿದರೆ
ಆರು ಮನೆಯವರು ಒಲೆ ಆರಿಸಲು ಏಳುತ್ತಾರೆ.
ಹಾಗಿರುವಾಗ ನನ್ನ ನಾಯಿ
ಗ್ಯಾಸ್ ಮೀಟರ್ ಓದಲು ಬಂದ ಹುಡುಗನ ಮೊಣಕಾಲು ತಬ್ಬಿ
ಸೊಂಟ ಕುಣಿಸಿದ ಸುದ್ದಿ
ಮಧ್ಯಾಹ್ನದೊಳಗೆ ಮೇಲಿನ ಬೀದಿಯ ಬ್ರೆಡ್ಡಿನ ಒಲೆಗೂ ಮುಟ್ಟಿತ್ತು.

ಹೆಣ್ಣುನಾಯಿ! ಎಂದಳು ಝುಝುನಾ
ಒಣಹಾಕಿದ ಚಾದರಗಳ ನಡುವೆ ತಲೆ ತೂರಿಸಿ,
ಹೆಣ್ಣಾಗಿ ಇದೆಂಥ ಗಂಡುಬುದ್ಧಿ!
ಕೆಳಮನೆಯ ಬಾದ್ರಿಗೆ ಎಲ್ಲ ಗೊತ್ತು:
ಸಲಿಗೆ ಕೊಟ್ಟೆ, ತಲೆಗೇರಿದೆ,
ಮನೆಗೆ ತಾನೇ ಯಜಮಾನಿ ಅಂದುಕೊಂಡಿದೆ.
ಮಗುಚಿ ನೆಲಕ್ಕೊತ್ತಿ ಹಿಡಿ, ಬುದ್ಧಿ ಬರುತ್ತೆ.

ಹಿಡಿದೆ. ಒಂದೇ ಸಲ.
ಅವಳು ಮುಖ ತಿರುಗಿಸಿಕೊಂಡಳು,
ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡಳು.
ಆ ನೆಲ ಒರೆಸಿದ ಕೈಯನ್ನು
ರಾತ್ರಿಯೆಲ್ಲ ಎಲ್ಲಿಡಬೇಕೋ ತಿಳಿಯಲಿಲ್ಲ.

ನಬಾದಿ ಅಂದರೆ ಬೆಟ್ಟದ ಕುರುಬರು ಹೊದೆಯುವ
ಕಪ್ಪು ಕಂಬಳಿ. ಬೀದಿಯಿಂದ ಬಂದವಳು,
ಅಷ್ಟೇ ಜೂಲು, ಅಷ್ಟೇ ವಾಸನೆ,
ಕಿವಿಯಲ್ಲಿ ಮುನಿಸಿಪಾಲಿಟಿಯ ಹಳದಿ ಬಿಲ್ಲೆ.

ನತೇಲಾ ಡಾಕ್ಟರು ಬಾಲ ಎತ್ತಿ ನೋಡಿದರು,
ಹೊಟ್ಟೆ ಅಮುಕಿದರು, ಸೀಸೆಯಲ್ಲಿ ಮೂತ್ರ ಹಿಡಿಸಿದರು.
ಸೋಂಕಿಲ್ಲ. ತುರಿಕೆಯಿಲ್ಲ.
ಬಿಲ್ಲೆ ಹೇಳುತ್ತಿದೆ, ಆಪರೇಷನ್ ಆಗಿದೆ, ಬೆದೆಯ ಮಾತೂ ಅಲ್ಲ.
ಬೆದೆಗೆ ಬಂದದ್ದೂ ಏರುತ್ತದಮ್ಮ, ಬಾರದ್ದೂ ಏರುತ್ತದೆ,
ಹಾಲುಹಲ್ಲಿನ ಮರಿಯೂ ಆಟದಲ್ಲಿ ಏರುತ್ತದೆ.
ಏನು ಮಾಡಿತು ಅಂತ ಎಲ್ಲರೂ ಬಂದು ಹೇಳುತ್ತಾರೆ.
ಅದಕ್ಕೆ ಮುಂಚೆ ಏನಾಯಿತು?
ಬರೆದು ತಾ.

ಸೋಮವಾರ. ಕರೆಗಂಟೆ. ಸೋಫಾದ ಹಸಿರು ದಿಂಬು.
ಮಂಗಳವಾರ. ಮಳೆ. ನಿದ್ದೆ. ಏನೂ ಇಲ್ಲ.
ಗುರುವಾರ. ಅಂಗಳದಲ್ಲಿ ರೆವಾಝನ ಗಂಡುಮರಿಯ ಜೊತೆ ಓಟ,
ಓಟ ಮಿತಿಮೀರಿ ಅದರ ತಲೆಯ ಕಡೆಯಿಂದ ಏರಿದಳು.
ದಿಕ್ಕೇ ತಪ್ಪು. ಮರಿ ಕಣ್ಣು ಪಿಳಿಪಿಳಿ ಬಿಟ್ಟಿತು.
ಶನಿವಾರ. ಮಗಳೊಡನೆ ಫೋನಿನಲ್ಲಿ ಜಗಳ, ನನ್ನದೇ ದನಿ ಜೋರು.
ಮತ್ತೆ ಹಸಿರು ದಿಂಬು.
ಭಾನುವಾರ. ಗಂಟೆ, ಗಂಟೆ, ಗಂಟೆ.

ಮೂರನೇ ವಾರಕ್ಕೆ ನನ್ನ ಕೈಬರಹ ನನಗೇ ಓದಲು ಬಂತು.
ಕುದಿಯುವ ಕೆಟಲಿನ ಮೇಲೆ ಮುಚ್ಚಳ ಕುಣಿದರೆ
ಮುಚ್ಚಳಕ್ಕೆ ಮದವೇರಿದೆ ಅನ್ನುತ್ತೇವೆಯೇ?

ಝುಝುನಾಳ ಮೊಮ್ಮಗ ಲಾಶಾನನ್ನು ಕೂಲಿಗಿಟ್ಟೆ.
ಅಕ್ರೋಟು ಪೋಣಿಸಿದ ದ್ರಾಕ್ಷಿ ಮಿಠಾಯಿಯ ಒಂದು ತುಂಡಿಗೆ
ಹತ್ತು ಸಲ ಗಂಟೆ ಒತ್ತಬೇಕು, ಓಡಬೇಕು, ಮತ್ತೆ ಒತ್ತಬೇಕು.
ಗಂಟೆ ಅಂದರೆ ಮೂಲೆಯ ಚಾಪೆ,
ಚಾಪೆ ಅಂದರೆ ಕುರಿಕಾಲಿನ ಎಲುಬು.
ಮರೆತು ಏರಿದ ದಿನ ಬೈಗುಳವಿಲ್ಲ, ನಗುವೂ ಇಲ್ಲ
(ನಗು ಅವಳಿಗೆ ಚಪ್ಪಾಳೆ),
ಹಗ್ಗ ಹಿಡಿದು ಪಕ್ಕದ ಕೋಣೆಗೆ, ಇಲ್ಲವೇ ನದಿಯ ದಂಡೆಗೆ.
ಆಟ ಕುದಿಯುವ ಮುಂಚೆಯೇ ಕರೆಯುವುದನ್ನು
ಅವಳಿಗಿಂತ ನಿಧಾನವಾಗಿ ನಾನು ಕಲಿತೆ.

ಶರತ್ಕಾಲದಲ್ಲಿ ಮೈದುನ ಓತಾರನಿಗೆ ಅರವತ್ತು ತುಂಬಿತು.
ನನ್ನ ಮನೆಯಲ್ಲೇ ಊಟ, ಇಪ್ಪತ್ತೆರಡು ಕುರ್ಚಿ,
ಜಾಡಿಗಟ್ಟಲೆ ದ್ರಾಕ್ಷಾರಸ.
ಸತ್ತವರಿಗೊಂದು ಬಟ್ಟಲು, ಹುಟ್ಟುವವರಿಗೊಂದು,
ಬಳ್ಳಿಗೊಂದು, ಬೆಟ್ಟಕ್ಕೊಂದು.
ಹದಿನಾಲ್ಕನೆಯದಕ್ಕೆ ಬಾದ್ರಿ ಕುರ್ಚಿಯ ಮೇಲೇರಿದ,
ಅಲ್ಲಿಂದ ಓತಾರನ ಬೆನ್ನಿನ ಮೇಲೆ,
ಕೊಂಬಿನ ಬಟ್ಟಲು ಚೆಲ್ಲುತ್ತಾ, ಅಳುತ್ತಾ,
ಅಣ್ಣಾ ಅಣ್ಣಾ ಎಂದು ತಬ್ಬಿ ಅಲುಗಾಡುತ್ತಾ.
ಯಾರೂ ಅವನನ್ನು ಮಗುಚಿ ನೆಲಕ್ಕೊತ್ತಲಿಲ್ಲ.
ಮೂಲೆಯಲ್ಲಿ ನಬಾದಿ ಎಲುಬು ಕಡಿಯುತ್ತಾ
ಒಂದು ಹುಬ್ಬು ಎತ್ತಿ ನೋಡಿದಳು.

ಪೂರ್ತಿ ಬಿಟ್ಟಿದ್ದಾಳೆ ಎಂದರೆ ಸುಳ್ಳಾಗುತ್ತದೆ.
ಹೊಸವರ್ಷದ ರಾತ್ರಿ ಆಕಾಶ ಸಿಡಿಯತೊಡಗಿದಾಗ
ನಡುಗುತ್ತಾ ಸೋಫಾಕ್ಕೆ ಹೋದಳು.
ನಾನು ಕಿಟಕಿ ಮುಚ್ಚಿದೆ, ರೇಡಿಯೋ ಹಾಕಿದೆ,
ನೋಡಲು ನಿಂತ ನೆಂಟರನ್ನು ಬಾಲ್ಕನಿಗೆ ಕಳಿಸಿದೆ.
ಬೆಳಿಗ್ಗೆ ದಿಂಬಿನ ಹೊಲಿಗೆ ಹಾಕಿ ಪುಸ್ತಕ ತೆಗೆದೆ:
ಪಟಾಕಿ. ಹಸಿರು ದಿಂಬು. ಆಮೇಲೆ ನನ್ನ ಕಾಲಬುಡದಲ್ಲಿ ನಿದ್ದೆ.