ಹೊತ್ತು

ಬೌಲ್ಡರಿಗೆ ಕಡಲಿಲ್ಲ.
ಯಾವ ದಿಕ್ಕಿಗೆ ಕಾರು ಬಿಟ್ಟರೂ ಎರಡು ದಿನ
ಉಪ್ಪಿನ ವಾಸನೆ ಸಿಗದು.
ಆದರೂ ಮೂರನೆಯ ಮಹಡಿಯಲ್ಲಿ ಕೂತು
ನಾನು ಲೆಕ್ಕ ಹಾಕುವುದು ಉಬ್ಬರ, ಇಳಿತ.

ನೀರಿನದಲ್ಲ, ಗಾಳಿಯದು.
ನೂರು ಮೈಲಿ ಮೇಲೆ, ಗಾಳಿಯೆನ್ನಿಸಿಕೊಳ್ಳಲೂ ನಾಚುವಷ್ಟು
ತೆಳ್ಳಗಾದಲ್ಲಿ
ದಿನಕ್ಕೊಮ್ಮೆ, ಕೆಲವೆಡೆ ಎರಡು ಸಲ,
ಏರುತ್ತದೆ, ಜಾರುತ್ತದೆ.
ಕಡಲಿಗೆ ಚಂದ್ರ ಯಜಮಾನ;
ಅಷ್ಟು ಮೇಲೆ ಅವನ ಮಾತು ಅಷ್ಟಾಗಿ ನಡೆಯುವುದಿಲ್ಲ.
ಅಲ್ಲಿ ಹೊತ್ತಿನದೇ ಕಾರುಬಾರು.

ಹೊತ್ತು ಹುಟ್ಟಿತು, ಹೊತ್ತು ಮುಳುಗಿತು ಅನ್ನುತ್ತೇವೆ,
ಸೂರ್ಯನಿಗೂ ಗಳಿಗೆಗೂ ನಮ್ಮಲ್ಲಿ ಒಂದೇ ಹೆಸರು.
ಲೊರೆಟಾಗೆ ಹೇಳಿದೆ. ಕಾಫಿ ಕೆಳಗಿಟ್ಟಳು.
‘ನಾವು ಇದಕ್ಕೆ ಮೂರು ಪದ ಬಳಸುತ್ತೇವೆ,
ಮೇಲೊಂದು ಅಡಿಟಿಪ್ಪಣಿ’ ಅಂದಳು.

ಕಾಂಗೋ ಕಾಡಿನ ಮೇಲೆ ಸಂಜೆಮಳೆ.
ಆವಿ ಹನಿಯಾಗುವಾಗ ಕೈಬಿಟ್ಟ ಬಿಸಿ
ಗಾಳಿಯನ್ನು ಒಂದಿಷ್ಟು ನೂಕುತ್ತದೆ, ಅಷ್ಟೆ.
ಆ ನೂಕು ಮೇಲೆ ಹೋಗುತ್ತಾ ಹೋಗುತ್ತಾ
ಸಾಮಾನು ಸಾಗಿಸಿದ ಮನೆಯಲ್ಲಿ
ಕೆಮ್ಮು ಕೂಡ ದೊಡ್ಡದಾಗುವ ಹಾಗೆ
ಅಲೆಯಾಗಿ, ಆಳೆತ್ತರವಾಗಿ, ಬೆಟ್ಟವಾಗಿ…
ಕೆಳಗೆ ಕೊಡೆ ಹಿಡಿದವರಿಗೆ ಸುದ್ದಿಯೇ ಇಲ್ಲ.

ಕಣ್ಣಿಗೂ ಕಾಣದು.
ಒಂಟಿ ಆಮ್ಲಜನಕ ನೇರಳೆಯ ಆಚೆಯ ಬಣ್ಣದಲ್ಲಿ ಮಿನುಗುತ್ತದೆ;
ಆ ಬೆಳಕು ನೆಲ ಮುಟ್ಟುವ ಮೊದಲೇ
ಗಾಳಿ ಅದನ್ನು ಕುಡಿದು ಬಾಯಿ ಒರೆಸಿಕೊಳ್ಳುತ್ತದೆ.
ಅದಕ್ಕೇ ಫ್ರಿಜ್ಜಿನಷ್ಟು ದೊಡ್ಡ ಒಂದು ಕಣ್ಣನ್ನು
ಮೇಲೆ ಕಳಿಸಿದ್ದೇವೆ.

ಅದಕ್ಕೊಂದು ಚಾಳಿ.
ದಿನಾಲೂ ಬಂದದ್ದೇ ಹೊತ್ತಿಗೆ ಬರುತ್ತದೆ,
ಬರೀ ಹನ್ನೆರಡು ನಿಮಿಷ ಹಿಂದೆ ಸರಿದು.
ಎಲ್ಲ ಹೊತ್ತನ್ನೂ ನೋಡಿ ಮುಗಿಸಲು ಅರವತ್ತು ದಿನ ಬೇಕು.
ನನಗೆ ತಾಳ್ಮೆ ಸಾಲದು. ಐದನೆಯ ದಿನವೇ ನಕ್ಷೆ ಬರೆದೆ:
ಉಬ್ಬರವೊಂದು ಗುಡ್ಡದಂತೆ ಕೂತಿತ್ತು,
ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ.
ಅಂಚಿನಲ್ಲಿ ಲೊರೆಟಾಳ ಕೆಂಪು ಶಾಯಿ:
‘ಇದು ಜಗತ್ತಲ್ಲ. ನಿನ್ನ ಏಳು ಗಂಟೆ.’

ಏಳು ಗಂಟೆಗೆ ಅನ್ಸೆಲ್ಮೊ ಬರುತ್ತಾನೆ,
ಬಕೆಟ್ಟು, ಒರೆಸುವ ಕೋಲು.
ನಾನು ಕಾಲೆತ್ತುತ್ತೇನೆ, ಅವನು ತಲೆಯಾಡಿಸುತ್ತಾನೆ.
ನಾಲ್ಕು ವರ್ಷ.
ದಣಿದವ, ಮಾತು ಕಡಿಮೆ ಎಂದು
ಅವನ ನಕ್ಷೆಯನ್ನೂ ಎಂದೋ ಬರೆದಿಟ್ಟಿದ್ದೆ.

ಮೊನ್ನೆ ಶನಿವಾರ ಲಾಂಗ್‌ಮಾಂಟಿನಲ್ಲಿ
ಹಳೆಯ ಕಪಾಟು ಕೊಳ್ಳಲು ಹೋದವಳು
ಮೈದಾನದ ಬಳಿ ನಿಂತೆ.
ಹಳದಿ ಅಂಗಿ, ಬಾಯಲ್ಲಿ ಸೀಟಿ,
ಫುಟ್‌ಬಾಲಾಡುವ ಹುಡುಗಿಯರ ನಡುವೆ ಹಿಮ್ಮುಖವಾಗಿ ಓಡುತ್ತಾ
ಗೆರೆಯಾಚೆಯ ಇಬ್ಬರು ಅಪ್ಪಂದಿರನ್ನು ಗದರುತ್ತಾ
ನಗುತ್ತಿದ್ದ ರೆಫರಿ, ಅನ್ಸೆಲ್ಮೊ.
ನನ್ನ ಕಂಡವನೇ ಕೂಗಿದ:
‘ಇಲ್ಲಿ ಕಾಲೆತ್ತೋದು ಬೇಡ!’

ಕಪಾಟು ಕೊಳ್ಳಲಿಲ್ಲ. ದಾರಿಯುದ್ದಕ್ಕೂ
ಅಕ್ಕನ ಫೋನುಗಳು ನೆನಪಾದವು.
ಪ್ರತಿ ಭಾನುವಾರ, ನನ್ನ ಬೆಳಗು, ಅವಳ ರಾತ್ರಿ.
ಹ್ಞೂ. ಊಟ ಆಯ್ತು. ಮಲಗಬೇಕು. ಇಡಲಾ?
ಅಕ್ಕ ಮಂಕಾದಳು ಎಂದು ಎಷ್ಟು ಜನಕ್ಕೆ ಹೇಳಿಲ್ಲ ನಾನು.

ಸೋಮವಾರ ರಾತ್ರಿ ಹತ್ತೂವರೆಗೆ,
ಅಲ್ಲಿ ಬಿಸಿಲೇರಿದಾಗ, ಮಾಡಿದೆ.
‘ಅಯ್ಯೋ, ಈ ಹೊತ್ತಲ್ಲಿ? ಯಾರಿಗೇನಾಯ್ತೇ?’
ಯಾರಿಗೂ ಏನಿಲ್ಲ, ಸುಮ್ಮನೆ ಅಂದೆ.
ಅವಳ ಹಿಂದೆ ಹೆಂಗಸರ ನಗು, ಯಾರದೋ ಹಾಡಿನ ತುಂಡು,
ನಾಲ್ಕೋ ಐದೋ ಹೊಲಿಗೆ ಯಂತ್ರ.
‘ಏಯ್ ನಿಲ್ಲಿಸ್ರೇ, ನನ್ನ ತಂಗಿ ಫೋನು!’ ಎಂದು
ಅಕ್ಕ ಕೂಗಿದ ಕೂಗಿಗೆ
ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದೆ.

ಅವಳಿಗೆ ಹೊಲಿಗೆ ಬರುತ್ತದೆಂದೇ
ನನಗೆ ಗೊತ್ತಿರಲಿಲ್ಲ.